ಬಿಚ್ಚದ ಸೋರೆಬುರುಡೆ

ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿದ್ದ ಅಡಿವೆಪ್ಪ ಹೊಳೆದಂಡೆಯ ಆಶ್ರಮಕ್ಕೆ ಬಂದವನೇ, ಗುರು ಶಿವಲಿಂಗಜ್ಜನಿಗೆ ಕೈಯನ್ನೂ ಮುಗಿಯಲಿಲ್ಲ.

ಹನ್ನೆರಡು ವರ್ಷದ ಹಿಂದೆ ಇದೇ ದಂಡೆಯಲ್ಲಿ ಅಜ್ಜ ಅವನಿಗೆ ಈಜು ಕಲಿಸಿದ್ದ. ಈಗ ಅಡಿವೆಪ್ಪ ತನ್ನೂರಿನ ದಂಡೆಯಲ್ಲಿ ತನ್ನದೇ ಈಜುಶಾಲೆ ನಡೆಸುತ್ತಿದ್ದ. ನಡೆಸುತ್ತಿದ್ದ ಅನ್ನುವುದೂ ದೊಡ್ಡ ಮಾತೇ. ಮೂರು ವರ್ಷವಾದರೂ ಅವನ ಬಳಿ ಇದ್ದವರು ಅದೇ ನಾಲ್ವರು.

"ಏಳು ಊರಾಗ ಡಂಗುರ ಹೊಡಿಸೇನಿ. ಹೊಳಿ ದಾರ್ಯಾಗ ಬೋರ್ಡ್ ಹಾಕೇನಿ. ಆದ್ರೂ ನಮ್ಮೂರ ಮಂದಿ ನನ್ನ ಶಾಲಿ ದಾಟಿ ನಿಮ್ಮ ಹಂತ್ಯಾಕ ಬರ್ತಾರ! ನನ್ನ ಬಗ್ಗೆ ಅವರಿಗೆ ಏನು ಹೇಳೀರಿ?"

"ನಾ ಏನೂ ಹೇಳಿಲ್ಲ" ಅಂದ ಅಜ್ಜ.

"ಮತ್ತ ಯಾರು ಹೇಳಿದ್ರು? ಈ ಬ್ಯಾಸಿಗ್ಯಾಗ ಹೊಸಬರು ಬರಲಿಲ್ಲಂದ್ರ ನಾ ಶಾಲಿ ಮುಚ್ಚಬೇಕು, ಅಜ್ಜಾರ!"

ಅಜ್ಜ ನೀರಿನ ಕಡೆ ಕೈ ತೋರಿಸಿದ. ಅಲ್ಲೊಬ್ಬ ಹೆಂಗಸು ಆಗಷ್ಟೇ ಮೊದಲ ಸಲ ಹೊಳೆ ದಾಟಿ ಬಂದಿದ್ದಳು. ಇಷ್ಟು ದಿನ ತನ್ನನ್ನು ತೇಲಿಸಿದ್ದ ಒಣ ಸೋರೆಬುರುಡೆಗಳನ್ನು ತಾನೇ ಕರೆತಂದ ತಂಗಿಯ ಸೊಂಟಕ್ಕೆ ಕಟ್ಟುತ್ತಿದ್ದಳು. ಆಶ್ರಮದ ಪದ್ಧತಿಯೇ ಅದು. ಈಜು ಬಂದವರು ತಮ್ಮ ಬುರುಡೆಯನ್ನು ತಮ್ಮವರೊಬ್ಬರಿಗೆ ಕಟ್ಟಿ ಹೋಗಬೇಕು.

"ನಿನ್ನ ನಾಲ್ಕು ಮಂದಿ ಯಾರಿಗೆ ಕಟ್ಟಿದ್ರು?"

ಅಡಿವೆಪ್ಪ ತಡವರಿಸಿದ. "ಅವರು ಇನ್ನೂ ಬಿಚ್ಚಿಲ್ರಿ."

"ಮೂರು ವರ್ಷ ಆತು. ಇನ್ನೂ ಈಜಾಕ ಬರಂಗಿಲ್ಲೇನು?"

"ಬರ್ತದ್ರಿ. ನಾನ ಬಿಚ್ಚಾಕ ಬಿಟ್ಟಿಲ್ಲ. ಬಿಚ್ಚಿದ್ರ ಮರುದಿನಾನ ಮನಿ ಹಿಡೀತಾರ. ಆಮ್ಯಾಲ ನನ್ನ ಶಾಲ್ಯಾಗ ಯಾರು ಉಳೀತಾರ?"

ಅಜ್ಜನ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ಆ ಸಿಟ್ಟನ್ನು ಅಡಿವೆಪ್ಪ ಒಮ್ಮೆಯೂ ಕಂಡಿರಲಿಲ್ಲ. ಗಿಡಕ್ಕೆ ತೂಗುಹಾಕಿದ್ದ ಎರಡು ಬುರುಡೆಗಳನ್ನು ಕಿತ್ತು ತಂದು, ಶಿಷ್ಯನ ಸೊಂಟಕ್ಕೆ ಬಿಗಿದು, ಅಜ್ಜ ಗುಡುಗಿದ.

"ಇಳಿ ನೀರಿಗೆ!"

ಗುರುವಿನ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ. ಇಳಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ದೋಣಿಯಲ್ಲಿದ್ದವನೊಬ್ಬ, "ಏನಪಾ, ಮೀಸಿ ಬಂದ್ರೂ ಈಜು ಬರಲಿಲ್ಲೇನು?" ಎಂದು ಕೂಗಿದ. ದಂಡೆಗೆ ದಂಡೆಯೇ ನಕ್ಕಿತು.

ಅಡಿವೆಪ್ಪನಿಗೆ ಸತ್ತು ಹೋಗುವಷ್ಟು ನಾಚಿಕೆಯಾಯಿತು. ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು. ನಾಲ್ಕು ಮಾರು ಹೋದವನು ಅಲ್ಲಿಂದಲೇ ತಿರುಗಿ ಬಂದು ಎದೆಮಟ್ಟ ನೀರಿನಲ್ಲಿ ನಿಂತು ಚೀರಿದ.

"ಬಿಚ್ರಿ ಇದನ್ನ! ಭರ್ತಿ ಹೊಳಿ ದಾಟಿದಾವ ನಾ. ನನ್ನ ಹಿಂಗ ನೋಡಿದ್ರ, ಕಲಿಸಿದ ನಿಮಗ ಮಂದಿ ಏನಂದಾರು?"

ಅಜ್ಜ ದಂಡೆಯಿಂದ ಕದಲಲಿಲ್ಲ.

"ನಿಮ್ಮೂರ ಮಂದಿ ಮೂರು ವರ್ಷದಿಂದ ಆ ನಾಲ್ಕು ಜನರನ್ನ ಹಿಂಗ ನೋಡಾಕತ್ತಾರ."