ಗೀಜಗನ ಗೂಡಿನಲ್ಲಿ ದೀಪವಿಲ್ಲ, ಏಕೆ?

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಹಕ್ಕಿಗಳು ಆಗಷ್ಟೇ ಗೂಡು ಕಟ್ಟಲು ಕಲಿಯುತ್ತಿದ್ದವು.

ಹೊಳೆದಂಡೆಯ ಈಚಲು ಮರದಲ್ಲಿ ಹೊನ್ನ ಎಂಬ ಗೀಜಗ ಇದ್ದ. ಅವನಿಗೆ ಎಲ್ಲರ ಮೇಲೂ ಅನುಮಾನ. ಹೊಳೆ ಮೆಲ್ಲಗೆ ಹರಿದರೆ ತನ್ನ ಬಗ್ಗೆಯೇ ಪಿಸುಗುಡುತ್ತಿದೆ ಅನ್ನುವನು. ಜೋರಾಗಿ ಹರಿದರೆ ಏನನ್ನೋ ಮುಚ್ಚಿಡುತ್ತಿದೆ ಅನ್ನುವನು.

ಮಳೆಗಾಲ ಹತ್ತಿರವಾಗಿತ್ತು. ಅವನ ಹೆಂಡತಿ ಬೋರಿ ಮೊಟ್ಟೆ ಇಡುವವಳಿದ್ದಳು. ಗಾಳಿಯೇ ಕರುಣೆಯಿಂದ ಬಂದು, ಬಿರುಮಳೆಗೂ ಬಿಚ್ಚದ ಒಂದು ಗಂಟನ್ನು ಹೊನ್ನನಿಗೆ ಹೇಳಿಕೊಟ್ಟಿತು. ಎರಡು ಸುತ್ತು ಸುತ್ತಬೇಕು, ಕೆಳಗಿನಿಂದ ತೂರಿಸಬೇಕು, ಎಳೆದು ಬಿಗಿಯಬೇಕು. ಇಡೀ ಹಗಲು ಕಲಿತ ಮೇಲೆ ಸಂಜೆಗೆ ಗಂಟು ಅವನ ಕೊಕ್ಕಿಗೆ ಹತ್ತಿತು.

ಆಗ ಜೋಳಿಗೆ ಹೆಗಲಿಗೇರಿಸಿಕೊಂಡು ನಿದ್ದೆಯಜ್ಜಿ ಬಂದಳು. ದಿನವೂ ಬರುವವಳೇ. ಬರುವಾಗ ಜೋಳಿಗೆ ಜೋತುಬಿದ್ದಿರುತ್ತಿತ್ತು, ಹೋಗುವಾಗ ಉಬ್ಬಿರುತ್ತಿತ್ತು. ಇವಳು ನನ್ನ ತಲೆಯಿಂದ ಏನು ತುಂಬಿಕೊಂಡು ಹೋಗುತ್ತಾಳೆ ಎಂದು ಹೊನ್ನ ಯೋಚಿಸಿದ. ಗಂಟನ್ನೇ ಕದ್ದರೆ?

ಅವನು ಅಜ್ಜಿಯನ್ನು ಅರ್ಧ ಕಟ್ಟಿದ ಗೂಡಿನೊಳಗೆ ಬಿಡಲಿಲ್ಲ. ಹಸಿ ಮಣ್ಣು ತಂದು ಗೂಡಿನ ಗೋಡೆಗೆ ಮೆತ್ತಿ, ಅದಕ್ಕೊಂದು ಮಿಂಚುಹುಳ ಅಂಟಿಸಿದ. ಬಿಟ್ಟುಬಿಡು ಎಂದು ಹುಳ ಬೇಡಿಕೊಂಡಿತು. ಗೂಡು ಮುಗಿಯಲಿ ಎಂದ ಹೊನ್ನ. ಆ ಬೆಳಕಿನಲ್ಲಿ ಕಣ್ಣು ಮುಚ್ಚದೆ ಗಂಟನ್ನು ಕಾಯುತ್ತ ಕೂತ.

ಬೆಳಿಗ್ಗೆ ಸುತ್ತು ಒಂದೋ ಎರಡೋ ಎಂದು ಗೊಂದಲವಾಯಿತು. ಕಟ್ಟಿದ್ದು ಜಾರಿತು. ಪಕ್ಕದ ಕೊಂಬೆಯ ರಾಟವಾಳ ಹಕ್ಕಿಯೇ ಬಿಚ್ಚಿರಬೇಕು ಎಂದುಕೊಂಡು ಅದರ ಮೇಲೆ ಜಗಳಕ್ಕೆ ಹೋದ. ಇನ್ನೆರಡು ಮಿಂಚುಹುಳ ತಂದು ಅಂಟಿಸಿದ. ಅಜ್ಜಿ ಬಂದಳು, ಬಾಗಿಲಲ್ಲೇ ನಿಂತಳು, ಹೋದಳು.

ಮೂರನೆಯ ದಿನ ತೂರಿಸುವುದು ಮೇಲಿನಿಂದಲೋ ಕೆಳಗಿನಿಂದಲೋ ನೆನಪಾಗಲಿಲ್ಲ. ಹುಲ್ಲು ಕಚ್ಚಿಕೊಂಡು ಬಂದ ಬೋರಿಯನ್ನು ನೋಡಿ ಅವನು ಕೇಳಿದ: "ಯಾರು ನೀನು? ನನ್ನ ಗೂಡಿನಲ್ಲಿ ನಿನಗೇನು ಕೆಲಸ?"

ಬೋರಿಯ ಕೊಕ್ಕಿನಿಂದ ಹುಲ್ಲು ಜಾರಿತು. ಅವಳು ಹಾರಿಹೋದಳು. ಮಧ್ಯಾಹ್ನ ಸಣ್ಣದೊಂದು ಗಾಳಿಗೇ ಅರ್ಧ ಗೂಡು ಕಳಚಿ ಹೊಳೆಗೆ ಬಿತ್ತು.

ಸಂಜೆ ಅಜ್ಜಿ ಬಂದಾಗ ಹೊನ್ನ ಉಳಿದರ್ಧ ಗೂಡಿನಲ್ಲಿ ತೂಗಾಡುತ್ತಿದ್ದ. "ಜೋಳಿಗೆ ತೋರಿಸಜ್ಜಿ," ಎಂದ.

ಅವಳು ಜೋಳಿಗೆ ಕೊಡವಿದಳು. ಅಂದು ಬೇರೆ ಗೂಡುಗಳನ್ನು ಮುಗಿಸಿ ಬಂದಿದ್ದಳು; ಆ ಹಕ್ಕಿಗಳ ಹಗಲಿನ ಕಸವೆಲ್ಲ ಉದುರಿತು. ಬೇಡದ ಸದ್ದುಗಳು, ಹಳಸಿದ ಜಗಳಗಳು, ತಪ್ಪಿದ ಸುತ್ತುಗಳು. ಹೊನ್ನ ಕೊಕ್ಕಿನಿಂದ ಕೆದಕಿ ಕೆದಕಿ ನೋಡಿದ. ಸರಿಯಾದ ಗಂಟು ಒಂದೂ ಇರಲಿಲ್ಲ.

"ಕಸ ತೆಗೆಯುತ್ತೇನೆ, ಕಲಿತದ್ದನ್ನು ಬಿಗಿ ಮಾಡುತ್ತೇನೆ ಮಗಾ," ಎಂದಳು ಅಜ್ಜಿ. "ಬೆಳಕಿದ್ದರೆ ನನಗೆ ಕೆಲಸ ಸಾಗುವುದಿಲ್ಲ."

ಪೂರ್ತಿ ನಂಬಿಕೆ ಬರಲಿಲ್ಲ ಅವನಿಗೆ. ಆದರೂ ಮಣ್ಣು ಒದ್ದೆ ಮಾಡಿ ಮಿಂಚುಹುಳಗಳನ್ನು ಬಿಡಿಸಿದ. ಅವು ತಿರುಗಿಯೂ ನೋಡದೆ ಹಾರಿದವು. ಹೊನ್ನ ಒಂದು ಕಣ್ಣು ಮುಚ್ಚಿದ, ಇನ್ನೊಂದರಿಂದ ಅಜ್ಜಿಯ ಮೇಲೆ ಕಾವಲು ಕಾದ. ಕಾಯುತ್ತಲೇ ಅದೂ ಮುಚ್ಚಿತು.

ಬೆಳಗಾದಾಗ ಯೋಚಿಸುವ ಮೊದಲೇ ಕೊಕ್ಕು ಎರಡು ಸುತ್ತು ಸುತ್ತಿ, ಕೆಳಗಿನಿಂದ ತೂರಿಸಿ, ಬಿಗಿದಿತ್ತು. ಹೊತ್ತಿಳಿಯುವಷ್ಟರಲ್ಲಿ ಬಿದ್ದುಹೋದ ಅರ್ಧವನ್ನೂ ಕಟ್ಟಿ ಮುಗಿಸಿದ. ಬೋರಿ ದೂರದ ಜಾಲಿಯ ಮೇಲಿದ್ದಳು. ಹೊನ್ನ ಅವಳ ಹೆಸರು ಹಿಡಿದು ಕರೆದ. ಅವಳು ತಡಮಾಡಿ ಬಂದಳು, ಪ್ರತಿ ಗಂಟನ್ನೂ ಜಗ್ಗಿ ನೋಡಿದಳು, ಆಮೇಲೆ ಒಳಗೆ ಹೋದಳು. ಮಳೆ ಬಂತು. ಗೂಡು ತೂಗಿತು, ಬೀಳಲಿಲ್ಲ.

ಅಂದಿನಿಂದ ಗೀಜಗ ಬೆಳಕು ನುಗ್ಗದಂತೆ ಬಾಗಿಲನ್ನು ಕೆಳಮುಖ ಮಾಡಿ ಕಟ್ಟುತ್ತದೆ. ಆದರೂ ಅದರ ಗೂಡಿನೊಳಗೆ ಇಣುಕಿದರೆ, ದೀಪವಿಲ್ಲದ ಆ ಮಣ್ಣಿನ ಮೆತ್ತೆ ಇಂದಿಗೂ ಗೋಡೆಗೆ ಅಂಟಿಕೊಂಡೇ ಇರುತ್ತದೆ.