ಹಿಂದೆ ಬರುವವರ ನೀರು

"ಗುರುಗಳೇ, ತನ್ನ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಕ್ಕಿಂತ ದೊಡ್ಡ ಪ್ರೀತಿ ಇದೆಯೇ?" ಎಂದು ಮರಿದೇವ ಕೇಳಿದ.

ಮಠದಲ್ಲಿ ಮಧ್ಯಾಹ್ನದ ಊಟ ಆಗತಾನೇ ಮುಗಿದಿತ್ತು. ಮರಿದೇವ ತನ್ನ ಬಟ್ಟಲಿನ ಅಂಬಲಿಯನ್ನು ದಾರಿಹೋಕನೊಬ್ಬನಿಗೆ ಕೊಟ್ಟಿದ್ದ. ಹಿಂದಿನ ದಿನವೂ ಹಾಗೆಯೇ ಕೊಟ್ಟಿದ್ದ. ಹಸಿವಿಗೆ ಸೋತು ಕಂಬ ಹಿಡಿದು ನಿಂತಿದ್ದ. ಮುಖದಲ್ಲಿ ಮಾತ್ರ ಹಬ್ಬದ ಕಳೆ ಇತ್ತು. ಗುರುಗಳು ಎಲ್ಲವನ್ನೂ ನೋಡಿಕೊಂಡೇ ಇದ್ದರು.

"ಪ್ರಶ್ನೆ ಕೇಳಲು ಬಂದೆಯೋ, ಶಹಬ್ಬಾಸ್ ಅನ್ನಿಸಿಕೊಳ್ಳಲು ಬಂದೆಯೋ?" ಎಂದರು ಗುರುಗಳು. "ಮೊದಲು ಕೂತುಕೋ, ನಿಂತಿದ್ದರೆ ಬಿದ್ದುಗಿದ್ದೀಯ. ಒಂದು ಕತೆ ಹೇಳುತ್ತೇನೆ."

ಮರಿದೇವ ಕೂತ. ಗುರುಗಳು ಹೇಳಿದರು.

ಒಂದು ನೇಕಾರರ ಊರು. ಊರಿನ ಬೆನ್ನಿಗೆ ಬೆಟ್ಟ, ಬೆಟ್ಟದ ಆಚೆ ಹೊಳೆ. ಬೆಟ್ಟದಿಂದ ಹೊಳೆಗೆ ಇಳಿಯಲು ನಡುವೆ ಒಂದು ಕಲ್ಲಿನ ಕಮರಿ. ಬೇಸಿಗೆ ಕಾಲಿಟ್ಟ ಹೊಸದರಲ್ಲಿ ಗಾಳಿ ಒಣಗಿ, ಮಗ್ಗದ ಮೇಲೆ ನೂಲು ಪಟಪಟನೆ ಕಡಿದುಹೋಗುತ್ತದೆ. ಗಂಟು ಹಾಕಿ ಹಾಕಿ ಬೇಸತ್ತ ನೇಕಾರರು ಅಂಥದ್ದೊಂದು ದಿನ ಮಗ್ಗಕ್ಕೆ ಬಿಡುವು ಕೊಟ್ಟು ಬೆಟ್ಟಕ್ಕೆ ಹೋಗುವುದು ಅಲ್ಲಿನ ರೂಢಿ. ವರ್ಷವಿಡೀ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಸುಮ್ಮನೆ ನಡೆಯುವುದೇ ಒಂದು ಸುಖ. ನಸುಕಿನಲ್ಲಿ ಬೆಟ್ಟ ಹತ್ತುತ್ತಿದ್ದರು, ಕಮರಿಯಲ್ಲಿ ಇಳಿಯುತ್ತಿದ್ದರು, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಸಂಜೆ ಬಂಡಿದಾರಿ ಹಿಡಿದು ಮನೆ ಸೇರುತ್ತಿದ್ದರು.

ಕಮರಿ ಕೆಟ್ಟದ್ದು. ಎರಡೂ ಕಡೆ ಬಂಡೆ. ಹೊತ್ತೇರಿತೆಂದರೆ ಬಂಡೆ ಒಲೆಯ ಗೋಡೆಯ ಹಾಗೆ ಕಾಯುತ್ತದೆ, ಗಾಳಿ ಆಡುವುದಿಲ್ಲ. ಅದಕ್ಕೆಂದೇ ಹಿಂದಿನ ಕಾಲದ ಯಾರೋ ಒಬ್ಬ ಹಿರಿಯ ಕಮರಿಯ ನಡುವೆ, ಚಾಚಿಕೊಂಡ ಬಂಡೆಯ ಕೆಳಗೆ, ಒಂದು ಮಣ್ಣಿನ ಕೊಡವನ್ನು ಕುತ್ತಿಗೆಯವರೆಗೆ ಮರಳಿನಲ್ಲಿ ಹೂತು ಇಟ್ಟಿದ್ದ. ಹೊಳೆಯ ಕಡೆಯಿಂದ ಬರುವವರು ಅದಕ್ಕೆ ನೀರು ಸುರಿಯಬೇಕು. ಬೆಟ್ಟದ ಕಡೆಯಿಂದ ಬರುವವರು ಅದರಲ್ಲಿ ಕುಡಿಯಬೇಕು. ಕಟ್ಟಳೆ ಇಷ್ಟೇ.

ಜನ ಇಷ್ಟಕ್ಕೇ ಸುಮ್ಮನಿರುತ್ತಾರೆಯೇ? ಒಂದು ವರ್ಷ ಯಾರೋ ಒಬ್ಬ ಕುಡಿಯದೆ ಬಂದ. ಹಿಂದೆ ಬರುವವರಿಗೆ ಇರಲಿ ಎಂದು ಬಿಟ್ಟೆ ಅಂದ. ದಂಡೆಯಲ್ಲಿ ಕೂತವರು ಅವನನ್ನು ಹಾಡಿ ಹೊಗಳಿದರು. ಮರುವರ್ಷ ಇನ್ನೊಬ್ಬ ಬಿಟ್ಟ. ಬರಬರುತ್ತಾ ಕುಡಿಯುವುದೇ ನಾಚಿಕೆಯ ಕೆಲಸವಾಯಿತು. ಕಮರಿ ಇಳಿದು ಬಂದವರನ್ನು ಮೊದಲು ಕೇಳುತ್ತಿದ್ದದ್ದೇ ಕೊಡ ಮುಟ್ಟಿದೆಯಾ ಎಂದು. ಮುಟ್ಟಿಲ್ಲ ಅಂದವನಿಗೆ ಎಲ್ಲರ ಬುತ್ತಿಯಿಂದಲೂ ರೊಟ್ಟಿ ಬರುತ್ತಿತ್ತು. ಮುಟ್ಟಿದೆ ಅಂದವನಿಗೆ ಬೆನ್ನು ತಿರುಗುತ್ತಿತ್ತು. ಯಾರೂ ಕುಡಿಯದ ಕೊಡಕ್ಕೆ ನೀರು ಯಾಕೆ ಎಂದು ಹೊಳೆಯ ಕಡೆಯವರು ಸುರಿಯುವುದನ್ನೂ ಕಡಿಮೆ ಮಾಡಿದರು. ಕೊಡ ಹೂತ ಆ ಹಿರಿಯ ಇದನ್ನು ಕಂಡಿದ್ದರೆ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಹೆಂಡತಿ ಎಂದರೆ ಅವನಿಗೆ ಜೀವ. ಆ ವರ್ಷ ಇಬ್ಬರೂ ಬೆಟ್ಟಕ್ಕೆ ಹೊರಟರು. ಬೆಟ್ಟದ ನೆತ್ತಿಯ ಮೇಲೆ ಅವಳ ಚಪ್ಪಲಿಯ ಉಂಗುಟ ಕಿತ್ತುಹೋಯಿತು. "ನೀವು ಮುಂದ ನಡೀರಿ, ಇದನ್ನ ಕಟ್ಟಿಕೊಂಡು ಬರ್ತೀನಿ" ಎಂದಳು. ಕೊಡದ ಹತ್ತಿರ ನೆರಳಿನಲ್ಲಿ ಕಾಯುತ್ತೇನೆ ಎಂದು ಹೇಳಿ ಅವನು ಕಮರಿಗೆ ಇಳಿದ.

ಎಷ್ಟು ಕಟ್ಟಿದರೂ ಉಂಗುಟ ನಿಲ್ಲಲಿಲ್ಲ. ಬರಿಗಾಲಲ್ಲಿ ಕಮರಿ ಇಳಿದರೆ ಅಂಗಾಲು ಬೇಯುತ್ತದೆ, ನಮ್ಮ ಜೊತೆ ಬಾ ಎಂದರು ಬೇರೆ ಹೆಂಗಸರು. ಅವಳು ಅವರ ಜೊತೆ ಹುಲ್ಲಿನ ದಿಣ್ಣೆಯ ಮೇಲೆ ಸುತ್ತು ಹಾಕಿಕೊಂಡು ಹೊಳೆಗೆ ಇಳಿದಳು. ಗಂಡ ನೆರಳಿನಲ್ಲಿದ್ದಾನೆ, ಪಕ್ಕದಲ್ಲೇ ನೀರಿನ ಕೊಡ ಇದೆ, ನಾನು ಬಾರದಿದ್ದರೆ ತಾನೇ ಇಳಿದು ಬರುತ್ತಾನೆ ಎಂದುಕೊಂಡಳು. ನೆಮ್ಮದಿಯಾಗಿ ಹೊಳೆಯಲ್ಲಿ ಕಾಲಿಟ್ಟು ಕೂತಳು.

ಅತ್ತ ನೇಕಾರ ಕೊಡದ ಮುಚ್ಚಳ ತೆಗೆದು ನೋಡಿದ. ತಳದಲ್ಲಿ ಒಬ್ಬರ ದಾಹಕ್ಕೆ ಆಗುವಷ್ಟು ನೀರು ಇತ್ತು. ತನ್ನ ಸೋರೆಬುರುಡೆಯಲ್ಲಿ ಉಳಿದಿದ್ದ ಗುಟುಕನ್ನೂ ಅದಕ್ಕೇ ಸುರಿದ. ಮುಚ್ಚಳ ಮುಚ್ಚಿ ಪಕ್ಕದಲ್ಲಿ ಕೂತ. ಬೇಸಿಗೆ ಈಗ ತಾನೇ ಶುರುವಾಗಿದೆ, ಇದೇನು ಮಹಾ ಬಿಸಿಲು ಎಂದುಕೊಂಡಿರಬೇಕು. ಹೊತ್ತು ಏರಿತು. ನೆರಳು ಸರಿದುಹೋಯಿತು. ಕೊಡ ಬಿಟ್ಟು ಹೋದರೆ ಯಾರಾದರೂ ಕುಡಿದಾರು ಎಂದು ಅವನು ಸರಿಯಲಿಲ್ಲ.

ಅದೇ ದಾರಿಯಲ್ಲಿ ಒಬ್ಬ ಗಾಣಿಗ ಬಂದ. ನೇಕಾರನ ಮುಖ ಕೆಂಪಾಗಿತ್ತು, ಬೆವರು ಬತ್ತಿಹೋಗಿತ್ತು.

"ಯಾಕೋ, ನೀರು ಕುಡೀಲಿಲ್ಲೇನು?" ಎಂದು ಗಾಣಿಗ ಕೇಳಿದ.

"ನಮ್ಮಾಕಿ ಹಿಂದ ಬರಾಕತ್ತಾಳ. ಆಕಿಗಿರಲಿ" ಎಂದ ನೇಕಾರ.

ಗಾಣಿಗನ ನಾಲಿಗೆಯೂ ಅಂಗುಳಕ್ಕೆ ಅಂಟಿತ್ತು. ಆದರೆ ಇಂಥವನ ಎದುರು ಕೊಡಕ್ಕೆ ಕೈ ಹಾಕಲು ಅವನಿಗೆ ಮುಖವಿರಲಿಲ್ಲ. ಕೈ ಮುಗಿದು ಮುಂದೆ ನಡೆದ.

ಇಲ್ಲಿ ಮರಿದೇವ ಕಣ್ಣೊರೆಸಿಕೊಂಡ. "ಆಹಾ, ಎಂಥ ಮನುಷ್ಯ ಗುರುಗಳೇ!" ಎಂದ. ಗುರುಗಳು ಅವನನ್ನು ಒಮ್ಮೆ ನೋಡಿ ಕತೆ ಮುಂದುವರಿಸಿದರು.

ಗಾಣಿಗ ತೂರಾಡುತ್ತಾ ಹೊಳೆ ತಲುಪಿದ. ಮುಖವನ್ನೇ ನೀರಿಗೆ ಹಾಕಿ ಹೊಟ್ಟೆ ತುಂಬ ಕುಡಿದ. ಆಮೇಲೆ ತಾನು ಕಂಡದ್ದನ್ನು ಎಲ್ಲರಿಗೂ ಹೇಳಿದ. ಎಲ್ಲರೂ ಮೆಚ್ಚಿದರು. ಗಂಡ ಅಂದರೆ ಇವನಪ್ಪಾ ಎಂದರು. ನೇಕಾರನ ಹೆಂಡತಿ ಮಾತ್ರ ಬೆಚ್ಚಿದಳು. "ಅಯ್ಯೋ, ನಾ ಇಲ್ಲೇ ಅದೀನಲ್ಲೋ!" ಎಂದು ಕೂಗಿ, ಬರಿಗಾಲಲ್ಲೇ ಕಮರಿಯೊಳಕ್ಕೆ ಓಡಿದಳು. ಜನ ಅವಳ ಹಿಂದೆ ಓಡಿದರು. ಕಮರಿಯಲ್ಲಿ ಕೊಡ ಇದೆಯಲ್ಲ ಎಂದು ಯಾರೂ ಒಂದು ತಂಬಿಗೆ ನೀರು ಹಿಡಿದುಕೊಳ್ಳಲಿಲ್ಲ.

ನೇಕಾರ ಕೂತಲ್ಲೇ ಇದ್ದ. ಬೆನ್ನು ಬಂಡೆಗೆ ಒರಗಿತ್ತು, ಕೈ ಕೊಡದ ಮುಚ್ಚಳದ ಮೇಲಿತ್ತು. ಅವಳು ಮುಟ್ಟಿದಳು. ಮೈ ಬಂಡೆಯಷ್ಟೇ ಬಿಸಿ. ಉಸಿರು ಇರಲಿಲ್ಲ.

ಅವಳು ಅಳಲಿಲ್ಲ. ನಂಬಲಾರದವಳ ಹಾಗೆ ಅವನ ಮುಖವನ್ನೂ ಕೊಡವನ್ನೂ ನೋಡುತ್ತಾ ನಿಂತಳು. ನೀರಿನ ಪಕ್ಕದಲ್ಲಿ ಕೂತು ನೀರಿಲ್ಲದೆ ಸತ್ತವನನ್ನು ಬಂದವರು ಯಾರೂ ಕಂಡಿರಲಿಲ್ಲ.

ಮೊದಲು ಮಾತಾಡಿದವನು ಊರಿನ ಹಿರಿಯ. ಇದು ಇನ್ನು ನೀರಲ್ಲ, ಇವನ ಪ್ರಾಣ ಎಂದ. ಈ ಕೊಡವನ್ನು ಇನ್ನು ಮೇಲೆ ಯಾರೂ ಮುಟ್ಟಕೂಡದು, ಇಲ್ಲಿ ಒಂದು ಕಟ್ಟೆ ಕಟ್ಟಿಸಿ ವರ್ಷ ವರ್ಷ ಬಂದು ಕೈ ಮುಗಿಯೋಣ ಎಂದ. ಜನ ತಲೆದೂಗಿದರು. ಕೆಲವರು ಆಗಲೇ ಚಪ್ಪಲಿ ಬಿಟ್ಟು ಕೊಡಕ್ಕೆ ಅಡ್ಡಬಿದ್ದರು. ಬಿಸಿಲಿನಲ್ಲಿ ಓಡಿ ಬಂದವರೆಲ್ಲ ಏದುಸಿರು ಬಿಡುತ್ತಿದ್ದರು. ಗಾಣಿಗನಿಗೆ ಕಣ್ಣು ಕತ್ತಲಿಟ್ಟು ಅವನು ಬಂಡೆ ಹಿಡಿದು ಕುಸಿದ. ಕೊಡದ ಕಡೆ ಮಾತ್ರ ಒಬ್ಬರೂ ಕೈ ಚಾಚಲಿಲ್ಲ.

ಆಗ ಹೆಂಡತಿ ಮೊಣಕಾಲೂರಿದಳು. ಮುಚ್ಚಳದ ಮೇಲಿದ್ದ ಗಂಡನ ಕೈಯನ್ನು ಮೆಲ್ಲಗೆ ಎತ್ತಿ ಅವನ ಮಡಿಲಿಗೆ ಇಟ್ಟಳು. ಮುಚ್ಚಳ ತೆಗೆದಳು. ಕೊಡದ ಪಕ್ಕದಲ್ಲಿದ್ದ ಕರಟದಲ್ಲಿ ನೀರು ಮೊಗೆದು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಗಟಗಟನೆ ಕುಡಿದಳು.

ಜನ ಹೌಹಾರಿದರು. ಒಬ್ಬಳು ಕಿಟಾರನೆ ಕಿರುಚಿದಳು.

"ಏ ತಂಗೀ, ಏನ ಮಾಡಾಕತ್ತೀ! ಗಂಡನ ಹೆಣದ ಮುಂದ!" ಎಂದ ಹಿರಿಯ.

"ಹೌದೋ ಯಣ್ಣಾ, ನನಗಂತನ ಬಿಟ್ಟಾನ. ಮತ್ಯಾರು ಕುಡೀಬೇಕು?" ಎಂದಳು ಅವಳು. ಆಗ ಅವಳ ದನಿ ಒಡೆಯಿತು. "ಬರೇ ಒಂದು ಗುಟುಕು ಕುಡಿದಿದ್ರ ಹೊಳೀಮಟ ನಡೀತಿದ್ದ. ಅಲ್ಲಿ ನಾ ಇದ್ನಲ್ಲೋ. ಇಬ್ಬರೂ ಕೂಡಿ ರೊಟ್ಟಿ ತಿಂತಿದ್ವಿ."

ಅವಳು ಇನ್ನೊಮ್ಮೆ ಮೊಗೆದು ಕರಟವನ್ನು ಗಾಣಿಗನ ತುಟಿಗೆ ಹಿಡಿದಳು. ಅವನು ಮುಖ ತಿರುಗಿಸಿದ. ಅವಳು ಬಿಡಲಿಲ್ಲ, ಗದ್ದ ಹಿಡಿದು ಕುಡಿಸಿದಳು. ಅವನು ಅಳುತ್ತಾ ಕುಡಿದ. ಕೊಡ ಬರಿದಾಯಿತು. ಆ ಹೆಣವನ್ನು ಹೊಳೆಯವರೆಗೆ ಹೊತ್ತು ತಂದವರಲ್ಲಿ ಮುಂದೆ ಹೆಗಲು ಕೊಟ್ಟವನು ಅದೇ ಗಾಣಿಗ.

ಗುರುಗಳು ಕತೆ ನಿಲ್ಲಿಸಿದರು.

ಮರಿದೇವ ಎದ್ದು ನಿಂತುಬಿಟ್ಟಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. "ಶಿವ ಶಿವಾ! ಯಾವ ನೀರಿಗಾಗಿ ಗಂಡ ಸತ್ತನೋ ಅದೇ ನೀರನ್ನು ಅವನ ಎದುರಿಗೇ ಕುಡಿದಳೇ? ಅದು ಅವಳ ಗಂಟಲಿನಲ್ಲಿ ಹೇಗೆ ಇಳಿಯಿತು ಗುರುಗಳೇ?"

ಅಡುಗೆಯವರು ಅವನಿಗೆಂದೇ ಮುಚ್ಚಿಟ್ಟಿದ್ದ ಒಂದು ಬಟ್ಟಲು ಅಂಬಲಿ ಗುರುಗಳ ಪಕ್ಕದಲ್ಲಿತ್ತು. ಅವರು ಅದನ್ನು ಅವನ ಮುಂದಕ್ಕೆ ಸರಿಸಿದರು.

"ಕುಡಿದವಳನ್ನು ಕೇಳಿ ಬೆಚ್ಚಿದೆಯಲ್ಲ ಮರಿದೇವ, ಕುಡಿಯದೆ ಸತ್ತವನನ್ನು ಯಾಕೆ ಮೆಚ್ಚಿದೆ?"