ಕಾರೆಗುಡ್ಡದ ರಕ್ಕಸನೂ ಹಾಲವ್ವನ ತಂತಿಯೂ

“ಕೇಳಿರಪ್ಪೋ ಕೇಳಿ! ಯುವರಾಜರು ಹತ್ತಿದ ಹಡಗು ಕಡಲಲ್ಲಿ ದಾರಿ ತಪ್ಪಿದೆ. ಕಾರೆಗುಡ್ಡದ ರಕ್ಕಸನ ಮೂರು ಒಗಟು ಒಡೆದು, ಗುಡ್ಡದ ನೆತ್ತಿಯಲ್ಲಿ ರೇಡಿಯೊ ತಂತಿ ಕಟ್ಟಿ, ಹಡಗನ್ನು ದಡಕ್ಕೆ ಕರೆದವರಿಗೆ ಬೇಡಿದ್ದು ಸಿಗುತ್ತದೆ. ಒಗಟು ಒಡೆಯದವರು ಅಲ್ಲೇ ಕಲ್ಲಾಗುತ್ತಾರೆ. ಅದಕ್ಕೆ ಅರಮನೆ ಹೊಣೆಯಲ್ಲ!”

ಡಂಗುರದವನು ಹೀಗೆ ಸಾರುತ್ತ ಕಂಚುಗಾರರ ಕೇರಿಗೆ ಬಂದಾಗ ಹಾಲವ್ವ ಕೊಡದ ತಳಕ್ಕೆ ಬೆಸುಗೆ ಹಾಕುತ್ತಿದ್ದಳು. ಅವಳ ಕೈ ನಿಂತಿತು. ಅದೇ ಹಡಗಿನಲ್ಲಿ ಅವಳ ತಮ್ಮ ಮೈಲಾರಿ ಇದ್ದ.

ಅಕ್ಕ ತಮ್ಮ ಇಬ್ಬರಿಗೂ ಒಂದೇ ಹುಚ್ಚು. ಒಣಗಿದ ಸೋರೆಬುರುಡೆಗೆ ತಾಮ್ರದ ತಂತಿ ಸುತ್ತಿ, ಸಂತೆಯಲ್ಲಿ ಸಿಕ್ಕ ಹಳೆಯ ಬಿಡಿಭಾಗಗಳನ್ನು ಕೂಡಿಸಿ, ಮಾತು ಕಳಿಸುವ, ಬಂದ ಮಾತು ಕೇಳಿಸುವ ಎರಡು ರೇಡಿಯೊ ಪೆಟ್ಟಿಗೆ ಮಾಡಿದ್ದರು. ಒಂದನ್ನು ಮೈಲಾರಿ ಹಡಗಿಗೆ ಒಯ್ದಿದ್ದ. ಬಿರುಗಾಳಿ ಬಂದು ಹೋದ ಮೇಲೆ ಅವನ ದನಿ ಒಮ್ಮೆ ಕೇಳಿತ್ತು: “ಅಕ್ಕಾ, ಎಲ್ಲಿದ್ದೀವೋ ತಿಳೀತಿಲ್ಲ. ಸುತ್ತ ಮಂಜು. ಕುಡಿಯೋ ನೀರು ತಳ ಕಂಡಿದೆ.” ಆಮೇಲೆ ಬರೀ ಗೊರಗೊರ. ಊರಿಗೂ ಕಡಲಿಗೂ ನಡುವೆ ಕಾರೆಗುಡ್ಡ ಗೋಡೆಯ ಹಾಗೆ ನಿಂತಿತ್ತು. ಅರಮನೆಗೆ ಓಡಿ ಸುದ್ದಿ ಮುಟ್ಟಿಸಿದವಳೂ ಅವಳೇ. ನೆತ್ತಿಯ ಮೇಲೆ ತಂತಿ ಕಟ್ಟಿದರೆ ದನಿ ಸಿಕ್ಕೀತು ಎಂದೂ ಹೇಳಿದ್ದಳು.

“ನೀನೂ ಕಲ್ಲಾದರೆ ನಾನು ಯಾರ ಮುಖ ನೋಡಲೇ?” ಎಂದಳು ಅವಳ ಅವ್ವ.

“ಸುಮ್ಮನೆ ಕೂತರೆ ಮೈಲಾರಿ ಮುಖವೂ ಕಾಣೋದಿಲ್ಲವಲ್ಲವ್ವ” ಎಂದು ಹಾಲವ್ವ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿ, ತಂತಿಯ ಸಿಂಬಿಯನ್ನು ಹೆಗಲಿಗೇರಿಸಿ ಹೊರಟಳು.

ನೆತ್ತಿಯಲ್ಲಿ ಅವಳಿಗಿಂತ ಮೊದಲೇ ಇಬ್ಬರಿದ್ದರು. ಬಂಡೆಯಂಥ ರಕ್ಕಸ ಗಲ್ಲಕ್ಕೆ ಕೈಯೂರಿ ಕೂತಿದ್ದ. ಮೊದಲು ಮುಂದೆ ಬಂದವನು ಸಾಹುಕಾರರ ಮಗ ಚೆಲುವರಾಯ.

“ಎರಡು ಕೈ ಚಾಚಿಕೊಂಡು ಎತ್ತರದಲ್ಲಿ ನಿಂತವನು, ಬೆರಳು ಮಡಿಸದೆ ಹಾರಿ ಬಂದದ್ದನ್ನು ಹಿಡಿಯುತ್ತಾನೆ. ಕೈ ಉದ್ದವಾದರೂ ಕೆಟ್ಟ, ಮೊಟಕಾದರೂ ಕೆಟ್ಟ. ಯಾರವನು?” ಎಂದ ರಕ್ಕಸ.

“ಹೊಲದ ಬೆರ್ಚಪ್ಪ!”

“ಬೆರ್ಚಪ್ಪ ಹಕ್ಕಿ ಓಡಿಸುತ್ತಾನೆ, ಹಿಡಿಯುವುದಿಲ್ಲ” ಎಂದು ರಕ್ಕಸ ಅವನತ್ತ ಉಸಿರು ಊದಿದ. ಚೆಲುವರಾಯ ತೆರೆದ ಬಾಯಿ ತೆರೆದ ಹಾಗೇ ಕಲ್ಲಾದ.

ಎರಡನೆಯವನು ಪಾಳೆಯಗಾರರ ಮಗ ಇಮ್ಮಡಿಮಲ್ಲ. ಚುರುಕಿನವನು. “ನಾವು ಕಟ್ಟಲು ಬಂದ ರೇಡಿಯೊ ತಂತಿಯೇ ಅದು” ಎಂದುಬಿಟ್ಟ. ರಕ್ಕಸ ತಲೆದೂಗಿ ಎರಡನೆಯದನ್ನು ಕೇಳಿದ: “ಕಾಲಿಲ್ಲದೆ ಹೊರಡುತ್ತದೆ. ಮುಗಿಲಿಗೆ ತಲೆ ಬಡಿಸಿಕೊಂಡು ನೆಲಕ್ಕೆ ಇಳಿಯುತ್ತದೆ. ನೆರೆಯವನ ಮನೆ ದಾಟಿ ದೂರದವನ ಮನೆಗೇ ನೆಂಟನಾಗಿ ಹೋಗುತ್ತದೆ. ಏನದು?”

“ಚಾಡಿಮಾತು” ಎಂದ ಮಲ್ಲ ನಗುತ್ತ.

“ಚಾಡಿ ನೆರೆಮನೆಯನ್ನು ಯಾವತ್ತು ದಾಟಿ ಹೋಗಿದೆಯೋ?” ರಕ್ಕಸ ಊದಿದ. ಮಲ್ಲನ ನಗು ಕಲ್ಲಿನಲ್ಲೇ ಉಳಿಯಿತು.

ಹಾಲವ್ವ ಕಲ್ಲಾದ ಇಬ್ಬರನ್ನೂ ನೋಡಿದಳು. ಆದರೂ ಮುಂದೆ ಬಂದಳು.

“ಮೊದಲನೆಯದರ ಉತ್ತರ ಕೇಳಿಸಿಕೊಂಡೆ ಅಂತ ಅದನ್ನೇ ಹೇಳಬೇಡ. ಕೈ ಉದ್ದವಾದರೆ ಯಾಕೆ ಕೆಟ್ಟ, ಹೇಳು” ಎಂದ ರಕ್ಕಸ.

“ಒಂದೊಂದು ಅಲೆಗೆ ಒಂದೊಂದು ಅಳತೆ ಅಯ್ಯಾ. ಆ ಅಳತೆಗೆ ತಂತಿ ಕತ್ತರಿಸಿದರೆ ದನಿ ಚೆನ್ನಾಗಿ ಸಿಗುತ್ತದೆ. ಹೆಚ್ಚುಕಡಿಮೆಯಾದರೆ ಸೊರಗುತ್ತದೆ. ಎಷ್ಟೋ ತಂತಿ ಹಾಳು ಮಾಡಿ ಕಲಿತದ್ದು. ನಿನ್ನ ಎರಡನೆಯದು, ರೇಡಿಯೊದಲ್ಲಿ ಕಳಿಸಿದ ಮಾತು. ಎಷ್ಟೋ ಸಲ ರೇಡಿಯೊ ಇಟ್ಟುಕೊಂಡ ಪಕ್ಕದೂರಿನವನಿಗೆ ನನ್ನ ದನಿ ಕೇಳಿಲ್ಲ. ಮುಗಿಲಿಗೆ ತಾಗಿ ಇಳಿದು, ಕಡಲಾಚೆಯವನಿಗೆ ಕೇಳಿದೆ.”

ರಕ್ಕಸ ತಲೆದೂಗಿದ. ಮೂರನೆಯದನ್ನು ಕೇಳುವಾಗ ಅವನ ದನಿ ತಗ್ಗಿತ್ತು. “ಕೂಗಿದರೆ ಬಂದೀತು, ಕೂಗುತ್ತಲೇ ಇದ್ದರೆ ಬರದು. ರಾಜನಿಗೂ ಒಬ್ಬನೇ ಮಾಡಿಕೊಳ್ಳಲಾಗದು. ಈ ಗುಡ್ಡದ ಮೇಲೆ ನನಗೆ ಯಾವತ್ತೂ ಸಿಗಲಿಲ್ಲ. ಏನದು?”

ಮಾರ್ದನಿ ಎನ್ನುವ ಮಾತು ಹಾಲವ್ವನ ನಾಲಗೆಯ ತುದಿಗೆ ಬಂತು. ತುಟಿ ಕಚ್ಚಿದಳು. ಈ ಗುಡ್ಡದಲ್ಲಿ ಮಾರ್ದನಿಗೇನು ಬರ? ಅದು ತನ್ನದೇ ದನಿ, ಒಬ್ಬನಿದ್ದರೂ ಬರುತ್ತದೆ. ರೇಡಿಯೊ ಮುಂದೆ ಕೂತಾಗ ತಾನೇನು ಮಾಡುತ್ತೇನೆ? ಗುಂಡಿ ಒತ್ತಿ ಕರೆಯುತ್ತೇನೆ. ಗುಂಡಿ ಬಿಟ್ಟು ಕಿವಿಗೊಡುತ್ತೇನೆ. ಬಿಡದಿದ್ದರೆ ಏನೂ ಕೇಳದು. ಹಾಗೆ ಉಸಿರು ಹಿಡಿದು ಕಾಯುವುದು ಯಾತಕ್ಕೆ?

“ಓಗೊಡುವ ದನಿ” ಎಂದಳು. “ಕರೆದಾಗ ಇನ್ನೊಬ್ಬರು ‘ಓ’ ಅನ್ನುವುದು. ನಿನಗೆ ಯಾರೂ ‘ಓ’ ಅಂದಿಲ್ಲ, ಅಲ್ಲವೇನಣ್ಣ?”

ಅಣ್ಣ ಎಂದು ಅವನನ್ನು ಯಾರೂ ಕರೆದಿರಲಿಲ್ಲ. ರಕ್ಕಸನ ಕಣ್ಣಲ್ಲಿ ನೀರಾಡಿತು. “ಕಟ್ಟು ತಂಗಿ, ಎಲ್ಲಿ ಬೇಕಾದರೂ ಕಟ್ಟು” ಎಂದ. ಕಲ್ಲುಗಳತ್ತ ತಿರುಗಿ ಮತ್ತೆ ಊದಿದ. ಕಲ್ಲಾದವರು ಕೆಮ್ಮುತ್ತ ಎದ್ದು ಕೂತರು.

ಹಾಲವ್ವ ಬಿದಿರ ಗಳದ ತುದಿಗೆ ಅಡ್ಡಗೋಲು ಕಟ್ಟಿ, ಅದಕ್ಕೆ ತಂತಿಯನ್ನು ಎರಡು ಕೈ ಚಾಚಿದ ಹಾಗೆ ಬಿಗಿದಳು. ಗಳ ಹಿಡಿದದ್ದು ಮಲ್ಲನೂ ಚೆಲುವರಾಯನೂ. ಎತ್ತಿ ನಿಲ್ಲಿಸಿದ್ದು ರಕ್ಕಸ. ಪೆಟ್ಟಿಗೆಯ ಗೊರಗೊರದ ನಡುವಿನಿಂದ ಸಣ್ಣಗೆ ಬಂತು: “...ಅಕ್ಕಾ... ಅಕ್ಕಾ...”

“ಓ ಮೈಲಾರಿ! ಮಾತು ನಿಲ್ಲಿಸಬೇಡ, ಹೇಳುತ್ತಲೇ ಇರು!”

ತಂತಿಯನ್ನು ಮೆಲ್ಲಗೆ ತಿರುಗಿಸುತ್ತ ಹೋದಳು. ತಂತಿಯ ತುದಿ ನೈಋತ್ಯಕ್ಕೆ ನೇರವಾದಾಗ ದನಿ ತೀರ ಸೊರಗಿತು. ತುದಿ ಎತ್ತ ನೋಡುತ್ತದೋ ಅತ್ತಲಿನ ದನಿ ಮಂಕು, ಅದು ಅವಳಿಗೆ ಗೊತ್ತು. ಇನ್ನೊಂದು ತುದಿಯ ಕಡೆ ಬರೀ ನೆಲ. ಹಾಗಾದರೆ ಹಡಗು ನೈಋತ್ಯದ ಕಡಲಲ್ಲಿದೆ.

“ಮೈಲಾರಿ, ಹಡಗನ್ನು ಈಶಾನ್ಯಕ್ಕೆ ತಿರುಗಿಸಿರೋ! ನೇರ ಈಶಾನ್ಯಕ್ಕೆ!”

ಮರುದಿನ ಹೊತ್ತೇರುವಾಗ ಮಂಜು ಹರಿದು ಹಾಯಿ ಕಂಡಿತು. ರಾಜ ದಡದಲ್ಲಿ ಮಗನನ್ನು ತಬ್ಬಿಕೊಂಡ. ಮೈಲಾರಿ ಅವ್ವನ ಕೈಯಿಂದ ಚೊಂಬು ಕಿತ್ತುಕೊಂಡು ಗಟಗಟ ನೀರು ಕುಡಿದ, ಅರ್ಧ ಎದೆಗೆ ಚೆಲ್ಲಿಕೊಂಡ. ಅವ್ವ ಅಳುತ್ತಲೇ ಬೈದಳು.

“ಏನು ಬೇಕು ಮಗಳೆ?” ಎಂದ ರಾಜ.

“ಬುದ್ಧಿ, ನೆತ್ತಿಯ ಮೇಲೊಂದು ಮನೆ ಕಟ್ಟಿಸಿಕೊಡಿ. ದಾರಿ ತಪ್ಪಿದ ಹಡಗಿಗೆಲ್ಲ ಅಲ್ಲಿಂದ ನಾನು ದಾರಿ ಹೇಳುತ್ತೇನೆ. ಸಂಬಳ ನನಗೂ ಕೊಡಿ, ರಕ್ಕಸಣ್ಣನಿಗೂ ಕೊಡಿ.”

ಮನೆ ಎದ್ದಿತು. ಅಲ್ಲಿಂದಾಚೆ ಆ ಕಡಲಲ್ಲಿ ಮಂಜು ಕವಿದಾಗಲೆಲ್ಲ, ಹಾಲವ್ವ ಊಟಕ್ಕೆ ಎದ್ದ ಹೊತ್ತಿನಲ್ಲಿ, ನಾವಿಕರಿಗೆ ಒಂದು ಗಡಸು ಗಂಟಲು ಕೇಳುತ್ತಿತ್ತು: “ಓ... ಇದ್ದೀನಿ, ಹೇಳಿರಪ್ಪ.” ಅದು ಕೇಳಿದ್ದೇ ಅವರ ಎದೆ ಹಗುರಾಗುತ್ತಿತ್ತು. ಕತೆ ಕೇಳಿದ ನಿಮ್ಮದೂ ಹಗುರಾಗಲಿ.